ಬಹಿರಂಗ ಗಲ್ಲು ಕೇಳುವವರು ಈ ಮೂರು ಕಂಬಗಳನ್ನು ನೋಡಲಿ

ಮಾನ್ಯ ಸಂಪಾದಕರೆ,

ಘೋರ ಅಪರಾಧ ನಡೆದಾಗಲೆಲ್ಲ ‘ಅಪರಾಧಿಯನ್ನು ನಡುಬೀದಿಯಲ್ಲಿ ನೇಣಿಗೇರಿಸಿ’ ಎಂಬ ಕೂಗು ವಾಚಕರ ಪತ್ರಗಳಲ್ಲಿಯೂ ಕೇಳಿಬರುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಜರ್ಮನಿಯಲ್ಲಿ ನೆಲೆಸಿರುವ ನಾನು, ಅಂಥ ಶಿಕ್ಷೆ ನಡೆಯುತ್ತಿದ್ದ ಜಾಗವೊಂದನ್ನು ಕಣ್ಣಾರೆ ಕಂಡ ಮೇಲೆ ಆ ಮಾತನ್ನು ಒಪ್ಪಲಾರೆ.

ಹೆಸ್ಸೆನ್ ರಾಜ್ಯದ ಓಡನ್‌ವಾಲ್ಡ್ ಗುಡ್ಡಗಾಡಿನ ಬೀರ್‌ಫೆಲ್ಡನ್ ಎಂಬಲ್ಲಿ, ಊರಾಚೆಯ ದಿಬ್ಬದ ಮೇಲೆ 1597ರ ಗಲ್ಲುಗಂಬಗಳು ಇಂದಿಗೂ ನಿಂತಿವೆ. ಸುತ್ತ ಲಿಂಡನ್ ಮರಗಳು, ನಡುವೆ ಕೆಂಪು ಮರಳುಗಲ್ಲಿನ ಮೂರು ಎತ್ತರದ ಕಂಬಗಳು, ಅವುಗಳ ನೆತ್ತಿಯನ್ನು ತ್ರಿಕೋನವಾಗಿ ಬೆಸೆದ ತೊಲೆಗಳು. ಪಕ್ಕದ ನೆಲದಲ್ಲಿ ಹುದುಗಿಸಿದ ಕಲ್ಲಿನ ಶಿಲುಬೆಯೊಂದಿದೆ. ಸಾಯಲಿದ್ದವರು ಕೊನೆಯ ಪ್ರಾರ್ಥನೆ ಸಲ್ಲಿಸುತ್ತಿದ್ದುದು ಅಲ್ಲಿಯೇ ಎನ್ನುತ್ತಾರೆ. ಅದರ ಮುಂದೆ ನನಗೆ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಆ ಕಾಲದ ಗಲ್ಲುಗಂಬಗಳನ್ನು ದಾರಿಹೋಕರಿಗೆ ದೂರದಿಂದಲೇ ಕಾಣುವ ಎತ್ತರದಲ್ಲಿ ನಿಲ್ಲಿಸುತ್ತಿದ್ದರು. ಈ ಸೀಮೆಯಲ್ಲಿ ಪ್ರಾಣ ತೆಗೆಯುವ ಅಧಿಕಾರ ಯಾರದೆಂದು ಅವು ಸಾರಬೇಕಿತ್ತು. ಜನ ನೆರೆದು ನೋಡುತ್ತಿದ್ದುದು ಶಿಕ್ಷೆಯನ್ನು, ವಿಚಾರಣೆಯನ್ನಲ್ಲ. ಚಕ್ರವರ್ತಿ ಐದನೆಯ ಚಾರ್ಲ್ಸ್ 1532ರಲ್ಲಿ ಜಾರಿಗೆ ತಂದ ‘ಕರೋಲಿನಾ’ ದಂಡಸಂಹಿತೆಯ ಪ್ರಕಾರ ಮರಣದಂಡನೆಗೆ ಆರೋಪಿಯ ತಪ್ಪೊಪ್ಪಿಗೆ ಇಲ್ಲವೇ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕಿದ್ದುದರಿಂದ, ಸಾಕ್ಷಿ ಸಿಗದ ಕಡೆ, ಬಲವಾದ ಅನುಮಾನವಿದ್ದರೆ, ಮುಚ್ಚಿದ ಬಾಗಿಲ ಹಿಂದೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸುತ್ತಿದ್ದರು. ಎಲ್ಲವೂ ತೀರ್ಮಾನವಾದ ಮೇಲೆ ನ್ಯಾಯಾಧೀಶ ಬಹಿರಂಗವಾಗಿ ತೀರ್ಪು ಓದಿಸಿ, ಆ ತೀರ್ಪು ಇನ್ನು ಬದಲಾಗದೆಂಬ ಸಂಕೇತವಾಗಿ ಕೈಯಲ್ಲಿದ್ದ ಕೋಲನ್ನು ಮುರಿಯುತ್ತಿದ್ದ.

ಬೀರ್‌ಫೆಲ್ಡನ್‌ನಲ್ಲಿ ಕೊನೆಯದಾಗಿ, 1804ರಲ್ಲಿ, ಗಲ್ಲಿಗೇರಿದವಳು ಒಂದು ಕೋಳಿ ಮತ್ತು ಎರಡು ರೊಟ್ಟಿ ಕದ್ದ, ರೋಮಾ ಎಂಬ ಸಮುದಾಯದ ಹೆಂಗಸು ಎಂದು ಊರವರು ಹೇಳುತ್ತ ಬಂದಿದ್ದಾರೆ. ಹಸಿವಿನಿಂದ ತಿನಿಸು ಕದ್ದವರ ವಿಷಯದಲ್ಲಿ ನ್ಯಾಯಾಧೀಶರು ಕಾನೂನು ಬಲ್ಲವರ ಸಲಹೆ ಪಡೆಯಬೇಕೆಂದು ಅದೇ ಕರೋಲಿನಾ ಹೇಳಿತ್ತು. ಆ ಮಾತು ಆಕೆಯ ನೆರವಿಗೆ ಬರಲಿಲ್ಲ. ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರು; ಎರಡು, ಮೂರು, ಐದು ಎಂಬುದಕ್ಕೆ ಅವರ ಭಾಷೆಯಲ್ಲಿ ಇಂದಿಗೂ ‘ದುಯ್’, ‘ತ್ರಿನ್’, ‘ಪಾಂಜ್’ ಎನ್ನುತ್ತಾರೆ. 1498ರಲ್ಲಿಯೇ ಜರ್ಮನ್ ಸಾಮ್ರಾಜ್ಯದ ಸಭೆ ಅವರನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿತ್ತು. ಹಾಗೆ ಹೊರಗಿಟ್ಟವರನ್ನು ಗಲ್ಲಿಗೇರಿಸುವಾಗ ನೆರೆದವರಲ್ಲಿ ಎಷ್ಟು ಮಂದಿ ಪ್ರಶ್ನೆ ಕೇಳಿಯಾರು?

ನಮ್ಮಲ್ಲಿಯೂ ರಾಜಸ್ಥಾನ ಹೈಕೋರ್ಟ್ ಒಮ್ಮೆ, ಸೊಸೆಯನ್ನು ಸುಟ್ಟು ಕೊಂದ ಪ್ರಕರಣವೊಂದರಲ್ಲಿ, ಜೈಪುರದ ಮೈದಾನದಲ್ಲಿ ಜನರೆದುರು ಗಲ್ಲಿಗೇರಿಸಬೇಕೆಂದು ಆದೇಶಿಸಿತ್ತು. ಅಪರಾಧ ಎಷ್ಟೇ ಬರ್ಬರವಾಗಿದ್ದರೂ ಅಷ್ಟೇ ಬರ್ಬರವಾದ ಶಿಕ್ಷೆ ಕೊಡುವಂತಿಲ್ಲವೆಂದೂ, ಬಹಿರಂಗ ಗಲ್ಲು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದೂ 1985ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬಹಿರಂಗ ಗಲ್ಲಿಗೆ ಒತ್ತಾಯಿಸುವ ಪತ್ರವನ್ನು ಮುಂದೆ ಪ್ರಕಟಿಸುವಾಗ, ಆ ತೀರ್ಪಿನ ಸಾರವನ್ನೂ ಅದರ ಕೆಳಗೆ ನಾಲ್ಕು ಸಾಲುಗಳಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ,
ಜರ್ಮನಿಯಿಂದ ನಿಮ್ಮ ಓದುಗ