ಗೂಬೆಯ ಕತ್ತು: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಕಿರಿಯ ಮಿತ್ರರಿಗೆ, ನಮಸ್ಕಾರ.

ನೀವು ಕಳುಹಿಸಿದ ಐದು ಪ್ರಾಣಿಕತೆಗಳನ್ನು ಎರಡೆರಡು ಸಲ ಓದಿದೆ. ಭಾಷೆ ಹದವಾಗಿದೆ, ಸಂಭಾಷಣೆ ಚುರುಕಾಗಿದೆ. ಆದರೆ ಕಚೇರಿಯ ಕತೆಯನ್ನು ಓದುವಾಗ ನಾನೊಂದು ಕಿಡಿಗೇಡಿತನ ಮಾಡಿದೆ: ಗೂಬೆ ಎಂದಿರುವಲ್ಲೆಲ್ಲ ಪೆನ್ಸಿಲಿನಿಂದ ‘ಮೇಲ್ವಿಚಾರಕ’ ಎಂದೂ ಆಮೆ ಎಂದಿರುವಲ್ಲೆಲ್ಲ ‘ಗುಮಾಸ್ತ’ ಎಂದೂ ತಿದ್ದಿ ಓದಿಕೊಂಡೆ. ಕತೆಯ ಕೂದಲೂ ಕೊಂಕಲಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಗೂಬೆಗೆ ಕಣ್ಣುಗುಡ್ಡೆ ಹೊರಳಿಸಲು ಬರುವುದಿಲ್ಲ; ಅದಕ್ಕೆ ಪ್ರತಿಯಾಗಿ ಅದು ಕತ್ತನ್ನು ಸುಮಾರು 270 ಡಿಗ್ರಿಯವರೆಗೆ ತಿರುಗಿಸಬಲ್ಲದು. ಇಂಥ ಮೇಲ್ವಿಚಾರಕರು ಕುರ್ಚಿಯಿಂದ ಏಳದೆ, ಭುಜವನ್ನೂ ಅಲುಗಿಸದೆ, ಬೆನ್ನ ಹಿಂದೆ ತೂಕಡಿಸುತ್ತಿರುವ ಆಮೆಯನ್ನು ನೆಟ್ಟ ನೋಟದಿಂದ ನೋಡಿ ‘ಕಡತ ಎಲ್ಲಿಗೆ ಬಂತು?’ ಎಂದು ಕೇಳಲಿ. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು, ಅಲ್ಲಿಂದಲೇ ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ...’ ಎಂದು ಆರಂಭಿಸಲಿ. (ಹಗಲಿನ ಕಚೇರಿಯಲ್ಲಿ ಗೂಬೆಗೇ ನಿದ್ದೆ ತಡೆಯುವುದು ಕಷ್ಟ ಎಂಬುದು ಬೇರೆ ಮಾತು, ಅದರಿಂದಲೂ ಒಂದು ಪುಟ ಹುಟ್ಟೀತು.) ಈಗ ಪೆನ್ಸಿಲು ಹಿಡಿದು ಹೆಸರು ಬದಲಾಯಿಸಲು ನನ್ನಿಂದ ಸಾಧ್ಯವಿಲ್ಲ.

ನಮ್ಮ ನುಡಿಯೂ ನಿಮಗೆ ಕೈಕೊಡುವುದಿಲ್ಲ. ಸಭೆಯಲ್ಲಿ ಎಮ್ಮೆ ‘ಈ ಪ್ರಸ್ತಾವವನ್ನು ಮೆಲುಕು ಹಾಕಲು ಕಾಲಾವಕಾಶ ಬೇಕು’ ಎಂದರೆ ಅದು ನೆಪವೂ ಹೌದು, ನಿಜವೂ ಹೌದು. ಕತ್ತೆಗೆ ಕಸ್ತೂರಿಯ ಪರಿಮಳದ ಗಾದೆಯನ್ನು ಕೇಳಿ ಕೇಳಿ ಸಾಕಾಗಿರಬಹುದು.

ಪಂಚತಂತ್ರದ ಮೊದಲ ಕತೆಯನ್ನೇ ನೆನಪಿಸಿಕೊಳ್ಳಿ. ನೀರು ಕುಡಿಯಲು ನದಿಗೆ ಹೊರಟ ಸಿಂಹ ಪಿಂಗಳಕ, ಎಂದೂ ಕೇಳದ ಎತ್ತಿನ ಗುಟುರಿಗೆ ಹೆದರಿ, ಬಾಯಾರಿಕೆಯನ್ನು ನುಂಗಿಕೊಂಡು, ಏನೂ ಆಗದವನಂತೆ ಮರದಡಿ ಕೂರುತ್ತಾನೆ. ಅರಸ ನೀರು ಕುಡಿಯದೆ ಮರಳಿದ್ದನ್ನು ಗಮನಿಸುವವನು ದಮನಕನೆಂಬ ನರಿ. ಬಾಯಾರಿಕೆ ಮೃಗದ್ದು, ಮುಚ್ಚಿಡುವ ಹಂಬಲ ಅರಸನದು. ಎರಡೂ ಒಂದೇ ಮೈಯಲ್ಲಿ ಇರುವುದರಿಂದಲೇ ನಮಗೆ ನಗು ಬರುತ್ತದೆ. 11ನೆಯ ಶತಮಾನದಲ್ಲಿ ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ-ಒಪ್ಪಂದಗಳ ವ್ಯವಹಾರ ನೋಡಿಕೊಳ್ಳುವ ಮಂತ್ರಿ, ಆಗಿದ್ದವನು. ದಮನಕರನ್ನು ಹುಡುಕಿಕೊಂಡು ಆತ ಕಾಡಿಗೆ ಹೋಗಬೇಕಾದ ಪ್ರಮೇಯ ಇರಲಿಲ್ಲವೆಂದು ನನ್ನ ಗುಮಾನಿ.

ಇನ್ನೊಂದು ಮಾತನ್ನು ಕೈಸುಟ್ಟುಕೊಂಡವನಾಗಿ ಹೇಳುತ್ತಿದ್ದೇನೆ. ನಿಮ್ಮ ವಯಸ್ಸಿನಲ್ಲಿ ನಾನು ನನ್ನ ಮೇಲಧಿಕಾರಿಯೊಬ್ಬರನ್ನು ಕತ್ತೆಯಾಗಿಸಿ ಕತೆ ಬರೆದೆ. ಎಲ್ಲರಿಗೂ ಗುರುತು ಸಿಕ್ಕಿತು, ಯಾರೂ ನಗಲಿಲ್ಲ. ಸಹೋದ್ಯೋಗಿಯೊಬ್ಬರು ‘ಕತ್ತೆ ಏನು ತಪ್ಪು ಮಾಡಿತ್ತು?’ ಎಂದಷ್ಟೇ ಕೇಳಿದರು. ಬೈಯಬೇಕೆಂಬ ಆತುರದಲ್ಲಿ ನಾನು ಆ ಪ್ರಾಣಿಯ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಕತ್ತೆಗೊಂದು ಸ್ವಾಭಿಮಾನ, ಒಂದು ಹಟ, ತನ್ನದೇ ಆದ ತರ್ಕ ಕೊಟ್ಟಿದ್ದರೆ, ಆ ಅಧಿಕಾರಿಯೇ ಓದಿ ಮುಸಿಮುಸಿ ನಗುತ್ತಿದ್ದರೋ ಏನೋ.

ನಿಮ್ಮ ಐದು ಕತೆಗಳೂ ‘ಇದರಿಂದ ತಿಳಿದುಬರುವುದೇನೆಂದರೆ’ ಎಂದು ಮುಗಿಯುತ್ತವೆ. ಆ ಸಾಲುಗಳನ್ನು ನಾನು ಹೊಡೆದುಹಾಕಿದ್ದೇನೆ, ಬೇಸರಿಸಬೇಡಿ. ಗೂಬೆಯ ಕತೆಯನ್ನು ಇನ್ನೊಮ್ಮೆ ಬರೆದು ಕಳುಹಿಸಿ. ಆಮೆ ಚಿಪ್ಪಿನೊಳಗಿಂದ ಕೊಟ್ಟ ಸಮಜಾಯಿಷಿ ಏನೆಂಬುದು ನನಗಿನ್ನೂ ತಿಳಿದಿಲ್ಲ.

ವಿಶ್ವಾಸದೊಂದಿಗೆ,
ನಿಮ್ಮ ಹಿರಿಯ ಮಿತ್ರ