ಕನ್ನಡ ಕೀಕ್ಯಾಪ್ ಸೆಟ್ಟಿನಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಶಿರಸಿ, ಉತ್ತರ ಕನ್ನಡ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಮೆಕ್ಯಾನಿಕಲ್ ಕೀಲಿಮಣೆಗಳಿಗಾಗಿ (ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ವಿಚ್ ಇರುವಂಥವು) ನಾವು ಮಾರುತ್ತ ಬಂದಿರುವ ಕಪ್ಪು ಬಣ್ಣದ ಕನ್ನಡ ಕೀಕ್ಯಾಪ್ ಸೆಟ್ಟನ್ನು, ಎಂದರೆ ಸ್ವಿಚ್ಚಿನ ಮೇಲೆ ಕೂರುವ, ಕಳಚಿ ಬದಲಿಸಬಹುದಾದ ಅಕ್ಷರದ ಟೊಪ್ಪಿಗಳನ್ನು, ಈ ಯುಗಾದಿಯಿಂದ ನಿಲ್ಲಿಸುತ್ತಿದ್ದೇವೆ. ಅದರ ಜಾಗಕ್ಕೆ ಪಿಬಿಟಿ ಪ್ಲಾಸ್ಟಿಕ್ಕಿನ, ತಿಳಿ ಬಣ್ಣದ ಹೊಸ ಸೆಟ್ ಬರುತ್ತದೆ. ಅದರಲ್ಲಿ ಅಕ್ಷರ, ಅಂಕಿ ಮತ್ತು ಲೇಖನ ಚಿಹ್ನೆಗಳ ಚಿಕ್ಕ ಕೀಲಿಗಳು ಮಾತ್ರ ಇರುತ್ತವೆ. ಸ್ಪೇಸ್‌ಬಾರ್, ಶಿಫ್ಟ್, ಎಂಟರ್ ಇರುವುದಿಲ್ಲ. ಬೆಲೆ ಹಳೆಯ ಸೆಟ್ಟಿನ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಕೀಲಿಗಳು ಕಡಿಮೆ, ಹಣ ಹೆಚ್ಚು, ಇದು ಯಾವ ಲೆಕ್ಕ ಎಂದು ನೀವು ಕೇಳುವುದು ನ್ಯಾಯವೇ. ಉತ್ತರ ಸ್ವಲ್ಪ ಉದ್ದವಿದೆ. ಕೊನೆಯವರೆಗೆ ಓದಿದರೆ ನಿಮ್ಮಲ್ಲಿ ಹಲವರಿಗೆ ಪೂರ್ತಿ ಸೆಟ್ಟೇ ಬೇಕಾಗುವುದಿಲ್ಲ ಎಂಬುದೂ ತಿಳಿಯುತ್ತದೆ.

ನಮ್ಮಲ್ಲಿಗೆ ಬರುವವರಲ್ಲಿ ಮೇಜಿನ ಅಂದಕ್ಕಾಗಿ ಕೀಕ್ಯಾಪ್ ಬದಲಿಸುವವರು ಕಡಿಮೆ. ಡಿಟಿಪಿ ಅಂಗಡಿಯವರು, ದಸ್ತಾವೇಜು ಬರೆಯುವವರು, ಸಹಕಾರ ಸಂಘಗಳ ಗುಮಾಸ್ತರು, ಪತ್ರಿಕೆಗಳ ವರದಿಗಾರರು, ಹಳೆಯ ಯಕ್ಷಗಾನ ಪ್ರಸಂಗಗಳನ್ನು ಗಣಕಕ್ಕೆ ಏರಿಸುತ್ತಿರುವವರು ಬರುತ್ತಾರೆ. ಇವರ ಕೈಯಲ್ಲಿ ಕೀಲಿಮಣೆ ದಿನವಿಡೀ ದುಡಿಯುತ್ತದೆ. ಹಳೆಯ ಸೆಟ್ಟಿನಲ್ಲಿ ಅಕ್ಷರವು ಎಬಿಎಸ್ ಪ್ಲಾಸ್ಟಿಕ್ಕಿನ ಮೇಲ್ಮೈಯಲ್ಲಿ ಅಚ್ಚಾದ ಶಾಯಿ. ದಿನಕ್ಕೆ ಹತ್ತು ಸಾಲು ಬರೆಯುವವರ ಬಳಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಕ್ರಯಪತ್ರದ ಹಿಂದೆ ಕ್ರಯಪತ್ರ ತಯಾರಿಸುವವರ ಬಳಿ ಉಳಿಯುವುದಿಲ್ಲ. ಮೊದಲು ಮೇಲ್ಮೈಯ ಒರಟುತನ ಹೋಗಿ ಹೊಳಪು ಬರುತ್ತದೆ, ಆಮೇಲೆ ಅಕ್ಷರದ ಅಂಚು ಸವೆಯುತ್ತದೆ, ಕೊನೆಗೆ ಅಲ್ಲಿ ಏನಿತ್ತು ಎಂಬುದು ಬೆರಳಿಗೆ ಮಾತ್ರ ಗೊತ್ತಿರುತ್ತದೆ. ಬೆರಳಿಗೆ ಗೊತ್ತಿರುವವರಿಗೆ ತೊಂದರೆಯಿಲ್ಲ. ಆದರೆ ಅದೇ ಮೇಜಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರು ಕುಳಿತಾಗ ಕಷ್ಟ ಶುರುವಾಗುತ್ತದೆ. ಕನ್ನಡದ ಕೀಲಿಗಳು ಬೇಕಾಗಿರುವುದೇ ಅಂಥವರಿಗೆ.

ಕನ್ನಡ ಬರೆಯುವಾಗ ಸವೆತ ಬೀಳುವ ಜಾಗವೂ ಬೇರೆ. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದಲ್ಲಿ (ಯಾವ ಕೀಲಿಗೆ ಯಾವ ಅಕ್ಷರ ಎಂಬ ಜೋಡಣೆಯಲ್ಲಿ) ‘ಉತ್ತರ ಕನ್ನಡ’ ಎಂದು ಬರೆದು ನೋಡಿ. ಒತ್ತಕ್ಷರಕ್ಕಾಗಿ ಎಫ್ ಕೀಲಿಯನ್ನು ಎರಡು ಬಾರಿ ಒತ್ತುತ್ತೀರಿ, ಇಂಗ್ಲಿಷಿನ ಎ (A) ಕೀಲಿಯನ್ನು ಒಮ್ಮೆಯೂ ಮುಟ್ಟುವುದಿಲ್ಲ. ವ್ಯಂಜನದೊಳಗೆ ಅಕಾರ ಇದ್ದೇ ಇರುವುದರಿಂದ ಎ ಬೇಕಾಗುವುದು ಪದದ ಮೊದಲಲ್ಲಿ ಅ ಬಂದಾಗ, ಇಲ್ಲವೇ ಶಿಫ್ಟ್ ಜೊತೆಗೆ ದೀರ್ಘ ಬಂದಾಗ. ಇಂಗ್ಲಿಷ್ ಬರೆಯುವವರ ಕೀಲಿಮಣೆಯಲ್ಲಿ ಇ (E) ಕೀಲಿ ಮೊದಲು ಹೊಳೆಯತೊಡಗಿದರೆ, ನುಡಿ ಬಳಸುವವರು ನಮ್ಮಲ್ಲಿಗೆ ತರುವ ಕೀಲಿಮಣೆಗಳಲ್ಲಿ ಎಫ್ ಕೀಲಿಯೇ ಮೊದಲು ಬೋಳಾಗಿರುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಒತ್ತಕ್ಷರದ ಕೆಲಸ ಡಿ ಕೀಲಿಯದು. ವಿದೇಶದಲ್ಲಿ ತಯಾರಾಗುವ ಸೆಟ್ಟುಗಳನ್ನು ಹೆಚ್ಚಾಗಿ ಇಂಗ್ಲಿಷ್ ಬರೆಯುವವರನ್ನು ಕಣ್ಮುಂದೆ ಇಟ್ಟುಕೊಂಡೇ ಮಾಡುತ್ತಾರೆ. ನಮ್ಮ ಸೆಟ್ ನಮ್ಮ ಬೆರಳುಗಳ ಓಡಾಟವನ್ನು ನೋಡಿ ಆಗಬೇಕು ಎಂಬುದು ನಮ್ಮ ಹಟ.

ಇನ್ನು ಪ್ಲಾಸ್ಟಿಕ್ಕಿನ ವಿಷಯ. ಅಕ್ಷರ ಮೇಲ್ಮೈಯಲ್ಲಿ ಕೂರದೆ ಒಳಗೆ ಇಳಿಯಬೇಕೆಂದರೆ ಡೈ ಸಬ್ಲಿಮೇಶನ್ ಎಂಬ ವಿಧಾನವಿದೆ. ಬಣ್ಣವನ್ನು ಕಾಯಿಸಿ ಆವಿಯಾಗಿಸಿದಾಗ ಅದು ಪ್ಲಾಸ್ಟಿಕ್ಕಿನೊಳಕ್ಕೆ ಇಳಿದು ನಿಲ್ಲುತ್ತದೆ. ಬೆರಳು ಮೇಲ್ಮೈಯನ್ನು ಸವೆಸಿದರೂ ಅಕ್ಷರ ಅಷ್ಟು ಬೇಗ ಹೋಗುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಎಬಿಎಸ್ ಸುಮಾರು 105 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ, ಅಷ್ಟು ಶಾಖಕ್ಕೆ ಕೀಲಿ ಸೊಟ್ಟಗಾಗಿಬಿಡುತ್ತದೆ. ಪಿಬಿಟಿ ಕರಗುವುದು ಸುಮಾರು 223 ಡಿಗ್ರಿಯಲ್ಲಿ. ಬಣ್ಣ ಇಳಿಯುವ ಶಾಖಕ್ಕೂ ಪ್ಲಾಸ್ಟಿಕ್ ಕರಗುವ ಶಾಖಕ್ಕೂ ನಡುವೆ ಇರುವ ಆ ಸಣ್ಣ ಅಂತರದಲ್ಲೇ ಕೆಲಸ ಮುಗಿಯಬೇಕು. ಆದ್ದರಿಂದ ಎಬಿಎಸ್ ಕೈಬಿಟ್ಟು ಪಿಬಿಟಿಗೆ ಹೋಗುವುದು ಅನಿವಾರ್ಯವಾಯಿತು. ಕಚ್ಚಾ ಮಾಲಿನ ದರ, ಅಚ್ಚಿನ ಕೆಲಸದ ನಿಧಾನ, ಕೆಟ್ಟುಹೋಗುವ ಕೀಲಿಗಳು, ಎಲ್ಲವೂ ಸೇರಿ ಬೆಲೆ ಏರಿದೆ.

ಬಣ್ಣ ಬದಲಾಗುವುದಕ್ಕೂ ಇದೇ ಕಾರಣ. ಒಳಗಿಳಿಯುವ ಬಣ್ಣವು ಪ್ಲಾಸ್ಟಿಕ್ಕಿನ ಬಣ್ಣಕ್ಕಿಂತ ಗಾಢವಾಗಿದ್ದರೆ ಮಾತ್ರ ಕಾಣುತ್ತದೆ. ಕಪ್ಪು ಕೀಲಿಯ ಮೇಲೆ ಬಿಳಿ ಅಕ್ಷರ ಬೇಕೆಂದರೆ ಅಕ್ಷರವನ್ನು ಬಿಟ್ಟು ಉಳಿದ ಮೈಗೆಲ್ಲ ಬಣ್ಣ ಇಳಿಸಬೇಕು. ಅದನ್ನು ಮಾಡುವ ದೊಡ್ಡ ಕಾರ್ಖಾನೆಗಳಿವೆ, ನಮ್ಮ ಪ್ರಮಾಣದ ಕೆಲಸಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ತಿಳಿ ಬೂದು ಮತ್ತು ಕೆನೆಬಣ್ಣ, ಇವೆರಡೇ. ಕವಳದ (ಎಲೆಯಡಿಕೆಯ) ಕೈ, ಅಡಿಕೆ ಸುಲಿದ ಕೈ ಇದರ ಮೇಲೆ ಎದ್ದು ಕಾಣುತ್ತದೆ ಎಂಬ ಆಕ್ಷೇಪ ಈಗಾಗಲೇ ಬಂದಿದೆ. ನಿಜ, ಕಾಣುತ್ತದೆ. ಆದರೆ ಕಪ್ಪು ಕೀಲಿಯಲ್ಲೂ ಅದೇ ಕೊಳೆ ಇರುತ್ತದೆ, ಕಾಣುವುದಿಲ್ಲವೆಂದು ಯಾರೂ ತೊಳೆಯುವುದಿಲ್ಲ.

ಬ್ಯಾಕ್‌ಲೈಟ್, ಎಂದರೆ ಕೀಲಿಗಳ ಕೆಳಗಿನ ದೀಪ, ನೆಚ್ಚಿಕೊಂಡವರಿಗೆ ಮಾತ್ರ ನಾವು ಬೇಸರದಿಂದಲೇ ಹೇಳಬೇಕು: ಹೊಸ ಕೀಲಿಗಳಲ್ಲಿ ಅಕ್ಷರದ ಮೂಲಕ ಬೆಳಕು ಹಾಯುವುದಿಲ್ಲ. ಮಳೆಗಾಲದಲ್ಲಿ ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಕೆಲಸ ಮಾಡುವವರಿಗೆ ಆ ಬೆಳಕು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ನಮಗೆ ಗೊತ್ತು. ಬೆಳಕು ಹಾಯುವ ಕೀಲಿಗಳನ್ನು ಹೆಚ್ಚಾಗಿ ಡಬಲ್ ಶಾಟ್ ವಿಧಾನದಲ್ಲಿ, ಎರಡು ಪ್ಲಾಸ್ಟಿಕ್ಕುಗಳನ್ನು ಒಂದರ ಮೇಲೊಂದು ಎರಕ ಹೊಯ್ದು ಮಾಡುತ್ತಾರೆ. ಅಲ್ಲಿ ಅಕ್ಷರವೇ ಒಂದು ಪ್ಲಾಸ್ಟಿಕ್ ತುಂಡು, ಸವೆದು ಹೋಗುವ ಮಾತೇ ಇಲ್ಲ. ಗುಣದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಉಕ್ಕಿನ ಅಚ್ಚು ಬೇಕು. ಸಾವಿರಾರು ಸೆಟ್ ಮಾರುವವರಿಗೆ ಆ ವೆಚ್ಚ ಹುಟ್ಟುತ್ತದೆ, ನಮಗೆ ಹುಟ್ಟುವುದಿಲ್ಲ. ತಿಳಿ ಬಣ್ಣದ ಮೇಲಿನ ಕಡುಗಪ್ಪು ಅಕ್ಷರ ಪರದೆಯ ಬೆಳಕಿನಲ್ಲೇ ಸಾಕಷ್ಟು ಕಾಣುತ್ತದೆ. ಅಂಗಡಿಗೆ ಬಂದವರಿಗೆ ದೀಪ ಆರಿಸಿ ತೋರಿಸುತ್ತೇವೆ.

ಈ ಬದಲಾವಣೆಯಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಅಕ್ಷರದ ರೂಪಕ್ಕೆ. ಒಂದು ಕೀಲಿಯ ನೆತ್ತಿಯ ಮೇಲೆ ಸಿಗುವ ಜಾಗ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಕನ್ನಡದ ಒಂದು, ಶಿಫ್ಟ್ ಒತ್ತಿದಾಗ ಬರುವ ಇನ್ನೊಂದು, ಹೀಗೆ ಮೂರು ಕೂರಬೇಕು. ಬಣ್ಣ ಒಳಗಿಳಿಯುವಾಗ ಅಂಚಿನಲ್ಲಿ ಕೂದಲೆಳೆಯಷ್ಟು ಹರಡುತ್ತದೆ. ಇಂಗ್ಲಿಷಿನ ಟಿ, ಎಲ್ ಅಕ್ಷರಗಳಿಗೆ ಇದರಿಂದ ಏನೂ ಆಗುವುದಿಲ್ಲ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಅಕ್ಷರ ಚಿಕ್ಕದಾದರೆ ಆ ಸೀಳು ಮುಚ್ಚಿಹೋಗಿ ಮಹಾಪ್ರಾಣವು ಅಲ್ಪಪ್ರಾಣವಾಗಿ ಕಾಣುತ್ತದೆ. ಪ, ಫ, ಷ ಮೂರೂ ಒಂದೇ ಎನಿಸಿಬಿಡುತ್ತವೆ. ಸಿದ್ಧ ಫಾಂಟ್‌ಗಳನ್ನು ಕುಗ್ಗಿಸಿ ಹಾಕಿದಾಗ ಆದದ್ದು ಇದೇ. ಆದ್ದರಿಂದ ಅಕ್ಷರಗಳನ್ನು ನಾವೇ ಮತ್ತೆ ಬರೆಸಿದೆವು. ಸೀಳನ್ನು ಅಗಲ ಮಾಡಿ, ಒಳಗಿನ ಬಯಲನ್ನು ಹಿಗ್ಗಿಸಿ, ತಲೆಕಟ್ಟನ್ನು ಸ್ವಲ್ಪ ತೆಳುವಾಗಿಸಿದ್ದೇವೆ. ಎರಡೂ ಕನ್ನಡ ಅಕ್ಷರಗಳಿಗೆ ಒಂದೇ ಅಳತೆ ಕೊಟ್ಟು ಇಂಗ್ಲಿಷನ್ನು ಎಡಮೂಲೆಗೆ ಚಿಕ್ಕದಾಗಿ ಸರಿಸಿದ್ದೇವೆ. ಇಂಗ್ಲಿಷ್ ಅಕ್ಷರ ಇಷ್ಟು ಚಿಕ್ಕದೇ ಎಂದು ಕೆಲವರು ಹುಬ್ಬೇರಿಸಬಹುದು. ಕನ್ನಡ ಬರೆಯಲಿಕ್ಕೆಂದೇ ಕೊಳ್ಳುವ ಸೆಟ್ಟಿನಲ್ಲಿ ಕನ್ನಡವೇ ದೊಡ್ಡದಾಗಿ ಕಾಣಬೇಕು. ಈ ಒಂದು ವಿಷಯದಲ್ಲಿ ನಾವು ರಾಜಿಯಾಗುವುದಿಲ್ಲ.

ಸ್ಪೇಸ್‌ಬಾರ್ ಬಿಟ್ಟಿದ್ದೇಕೆ? ಎರಕದಿಂದ ಹೊರಬಂದು ತಣಿಯುವಾಗ ಪಿಬಿಟಿಯು ಎಬಿಎಸ್‌ಗಿಂತ ಹೆಚ್ಚು ಕುಗ್ಗುತ್ತದೆ. ಚಿಕ್ಕ ಕೀಲಿಯಲ್ಲಿ ಅದು ತಿಳಿಯುವುದಿಲ್ಲ. ಉದ್ದನೆಯ ಸ್ಪೇಸ್‌ಬಾರ್ ಬಿಲ್ಲಿನಂತೆ ಬಾಗುವ ಸಂಭವ ಜಾಸ್ತಿ, ಬಾಗಿದ್ದು ಒಂದು ಬದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಅಳತೆಯದು. ಚಿಕ್ಕ ಕೀಲಿಗಳು ಬಹುಪಾಲು ಎಲ್ಲ ಕೀಲಿಮಣೆಗಳಲ್ಲೂ 19.05 ಮಿಲಿಮೀಟರ್ ಅಂತರದಲ್ಲಿ ಕೂರುತ್ತವೆ. ದೊಡ್ಡ ಕೀಲಿಗಳಿಗೆ ಆ ಭರವಸೆಯಿಲ್ಲ. ಸಾಮಾನ್ಯವಾಗಿ ಸ್ಪೇಸ್‌ಬಾರ್ ಚಿಕ್ಕ ಕೀಲಿಯ 6.25 ಪಟ್ಟು ಅಗಲ ಇರುತ್ತದೆ, ಕೆಲವು ಕೀಲಿಮಣೆಗಳಲ್ಲಿ 7 ಪಟ್ಟು. ಚಿಕ್ಕ ಕೀಲಿಮಣೆಗಳಲ್ಲಿ ಬಲಗಡೆಯ ಶಿಫ್ಟ್ 1.75 ಪಟ್ಟಿಗೆ ಇಳಿಯುತ್ತದೆ. ಪೂರ್ತಿ ಸೆಟ್ ಕೊಂಡು, ಕೊನೆಯ ಸಾಲು ಕೂರದೆ, ಅರ್ಧ ಹಳತು ಅರ್ಧ ಹೊಸತು ಇಟ್ಟುಕೊಂಡವರು ನಮ್ಮ ಗ್ರಾಹಕರಲ್ಲೇ ಇದ್ದಾರೆ. ಆ ದೊಡ್ಡ ಕೀಲಿಗಳ ಮೇಲೆ ಕನ್ನಡ ಅಕ್ಷರವೂ ಇಲ್ಲ. ಅವುಗಳಿಗೆ ನೀವು ಹಣ ಕೊಡುವುದು ಬೇಡ, ನಿಮ್ಮ ಕೀಲಿಮಣೆಯ ಜೊತೆಗೆ ಬಂದವೇ ಇರಲಿ. ಬಣ್ಣ ಎರಡು ತರಹ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಣ್ಣಿಗಂತೂ ಅದು ಚೆನ್ನಾಗಿಯೇ ಕಂಡಿದೆ.

ಹಳೆಯ ದೊಡ್ಡ ಕೀಲಿಗಳ ಪಕ್ಕದಲ್ಲಿ ಹೊಸ ಚಿಕ್ಕ ಕೀಲಿಗಳು ಕೂರಬೇಕಾದ್ದರಿಂದ ಎತ್ತರ ಹೊಂದಬೇಕು. ಕೀಕ್ಯಾಪ್‌ಗಳಲ್ಲಿ ಚೆರಿ, ಓಇಎಂ, ಡಿಎಸ್‌ಎ, ಎಕ್ಸ್‌ಡಿಎ ಎಂದು ಹಲವು ಆಕಾರಗಳಿವೆ. ಡಿಎಸ್‌ಎ, ಎಕ್ಸ್‌ಡಿಎ ಆಕಾರದಲ್ಲಿ ಎಲ್ಲ ಸಾಲುಗಳೂ ಒಂದೇ ಎತ್ತರ. ಚೆರಿ ಮತ್ತು ಓಇಎಂನಲ್ಲಿ ಸಾಲಿನಿಂದ ಸಾಲಿಗೆ ಎತ್ತರ, ಇಳಿಜಾರು ಬದಲಾಗುತ್ತದೆ. ಚೆರಿ ಸ್ವಲ್ಪ ಗಿಡ್ಡ, ದೀರ್ಘಕಾಲ ಬರೆಯುವವರಲ್ಲಿ ಅನೇಕರಿಗೆ ಅದೇ ಇಷ್ಟ. ಆದರೆ ನಮ್ಮಲ್ಲಿಗೆ ರಿಪೇರಿಗೆ ಬರುವ ಕೀಲಿಮಣೆಗಳಲ್ಲಿ ಹೆಚ್ಚಿನವು ಓಇಎಂ ಆಕಾರದವು. ಆದ್ದರಿಂದ ಹೊಸ ಸೆಟ್ ಓಇಎಂ. ಚೆರಿ ಬೇಕೆನ್ನುವವರು ಮೊದಲೇ ತಿಳಿಸಿದರೆ ಮಾಡಿಸಿಕೊಡುತ್ತೇವೆ.

ಈಗ, ಪೂರ್ತಿ ಸೆಟ್ ಯಾರಿಗೆ ಬೇಡ ಎಂಬ ಮಾತು. ಕೆ. ಪಿ. ರಾವ್ ವಿನ್ಯಾಸದಲ್ಲಿ ಕನ್ನಡ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಧ್ವನಿಯನ್ನೇ ಹಿಡಿದು ಕುಳಿತಿವೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಖ. ಜಿ ಒತ್ತಿದರೆ ಗ, ಶಿಫ್ಟ್ ಜೊತೆಗೆ ಘ. ಇದಕ್ಕೆ ಅಚ್ಚಾದ ಕೀಲಿ ಬೇಕಿಲ್ಲ. ಹೊಸಬರು ತಡವರಿಸುವುದು ಧ್ವನಿಗೆ ಸಿಗದ ಕೆಲವು ಕಡೆ: ಕ್ಯೂ ಕೀಲಿಯಲ್ಲಿ ಟ, ಡಬ್ಲ್ಯು ಕೀಲಿಯಲ್ಲಿ ಡ, ಎಕ್ಸ್ ಕೀಲಿಯಲ್ಲಿ ಷ, ಝಡ್ ಕೀಲಿಯಲ್ಲಿ ಞ, ಎಫ್ ಕೀಲಿಯಲ್ಲಿ ಒತ್ತಕ್ಷರದ ಗುರುತು. ಈ ಐದು ಕೀಲಿಗಳನ್ನು ಬಿಡಿಯಾಗಿ ಒಂದು ಪೊಟ್ಟಣದಲ್ಲಿ ಕೊಡುತ್ತೇವೆ. ನುಡಿ ಬಳಸುವ ಹೆಚ್ಚಿನವರಿಗೆ ಇಷ್ಟು ಸಾಕು ಎಂಬುದು ನಮ್ಮ ಪ್ರಾಮಾಣಿಕ ಅಭಿಪ್ರಾಯ. ಎಫ್ ಮತ್ತು ಜೆ ಕೀಲಿಗಳಲ್ಲಿ ತೋರುಬೆರಳಿಗೆ ತಾಗುವ ಚಿಕ್ಕ ಗೆರೆ ಇರುತ್ತದಲ್ಲ, ಪೊಟ್ಟಣದ ಎಫ್ ಕೀಲಿಯಲ್ಲೂ ಅದು ಇದೆ. ಬೇರೆ ಕಡೆ ಬಿಡಿ ಕೀಲಿ ಕೊಳ್ಳುವಾಗಲೂ ಅದನ್ನು ನೋಡಿಯೇ ಕೊಳ್ಳಿ.

ಇನ್‌ಸ್ಕ್ರಿಪ್ಟ್ ಬಳಸುವವರ ಸ್ಥಿತಿ ಬೇರೆ. ಅದು 1991ರ ಭಾರತೀಯ ಮಾನಕ ಸಂಸ್ಥೆಯ ಮಾನಕದಲ್ಲಿರುವ ವಿನ್ಯಾಸ, ಭಾರತದ ಹಲವು ಲಿಪಿಗಳಿಗೆ ಒಂದೇ ಜೋಡಣೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಎಚ್ ಒತ್ತಿದರೆ ಪ, ಎಲ್ ಒತ್ತಿದರೆ ತ ಬರುವುದರಿಂದ ಇಂಗ್ಲಿಷ್ ಅಕ್ಷರ ನೋಡಿ ಊಹಿಸಲಾಗದು. ಅಂಕಿಗಳ ಸಾಲಿನಲ್ಲೂ ಶಿಫ್ಟ್ ಜೊತೆಗೆ ಜ್ಞ, ತ್ರ, ಕ್ಷ ಇವೆ. ಕಲಿಯುವವರಿಗೆ ಪೂರ್ತಿ ಸೆಟ್ ಬೇಕೇ ಬೇಕು. ಒಂದೇ ಕೀಲಿಯ ಮೇಲೆ ಎರಡೂ ವಿನ್ಯಾಸಗಳನ್ನು ಹಾಕಿಕೊಡಿ ಎಂಬ ಬೇಡಿಕೆಯನ್ನು ಒಪ್ಪಿಕೊಳ್ಳುವುದಿಲ್ಲ. ಐದು ಅಕ್ಷರ ತುಂಬಿದ ಕೀಲಿಯಲ್ಲಿ ಯಾವುದೂ ಓದಲು ಸಿಗುವುದಿಲ್ಲ.

ಆರ್ಡರ್ ಕೊಡುವ ಮೊದಲು ಒಂದು ಕೀಕ್ಯಾಪ್ ಎಳೆದು ಕೆಳಗಿನ ಸ್ವಿಚ್ಚನ್ನು ನೋಡಿ. ಕೂಡಿಸುವ ಚಿಹ್ನೆಯಂಥ ಕಡ್ಡಿ ಕಂಡರೆ ನಮ್ಮ ಕೀಲಿ ಕೂರುತ್ತದೆ. ಲ್ಯಾಪ್‌ಟಾಪ್‌ಗಳಿಗೆ, ತೆಳುವಾದ ಚಾಕ್ ಸ್ವಿಚ್ಚುಗಳಿಗೆ ಕೂರುವುದಿಲ್ಲ. ಕೀಲಿಮಣೆಯ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಕಳುಹಿಸಿದರೆ ಹೊಂದುತ್ತದೆಯೇ ಎಂದು ನಾವೇ ನೋಡಿ ಹೇಳುತ್ತೇವೆ. ಇನ್ನು ಮುಂದೆ ಫೋಟೋ ನೋಡದೆ ಪೂರ್ತಿ ಸೆಟ್ ಕಳುಹಿಸುವುದಿಲ್ಲ. ಪಿಬಿಟಿಯ ಮೇಲ್ಮೈ ಸಣ್ಣ ಮರಳಿನ ಹಾಗೆ ತರಿತರಿಯಾಗಿರುತ್ತದೆ, ಎಲ್ಲರಿಗೂ ಹಿತವೆನಿಸುವುದಿಲ್ಲ. ಸಾಧ್ಯವಾದವರು ಅಂಗಡಿಗೆ ಬಂದು ಮುಟ್ಟಿ ನೋಡಿ.

ತೊಳೆಯಲು ಉಗುರುಬೆಚ್ಚಗಿನ ಸಾಬೂನು ನೀರು ಸಾಕು. ಕೀಲಿಯ ಹೊಟ್ಟೆಯಲ್ಲಿ ನಡುವಿನ ಕೊಳವೆಯೊಳಗೆ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿಗೆ ಇಟ್ಟ ಮಾತ್ರಕ್ಕೆ ಅದು ಆರುವುದಿಲ್ಲ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಹಳೆಯ ಎಬಿಎಸ್ ಕೀಲಿಗಳಿಗೆ ಉಗುರುಬಣ್ಣ ತೆಗೆಯುವ ದ್ರವವನ್ನು ಹಚ್ಚಬೇಡಿ, ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಇನ್ನೊಂದು ಮಾತು. ಹೊಸ ಕೀಕ್ಯಾಪ್ ಹಾಕಿದ ಮಾತ್ರಕ್ಕೆ ಉಪ್ಪುಗಾಳಿಯಿಂದ ರಕ್ಷಣೆ ಸಿಗುವುದಿಲ್ಲ. ತುಕ್ಕು ಹಿಡಿಯುವುದು ಕೆಳಗಿನ ಉಕ್ಕಿನ ತಗಡಿಗೆ ಮತ್ತು ದೊಡ್ಡ ಕೀಲಿಗಳನ್ನು ಸಮವಾಗಿ ಹಿಡಿದಿಡುವ ತಂತಿಗೆ. ಕೆಲಸ ಮುಗಿದ ಮೇಲೆ ಕೀಲಿಮಣೆಯನ್ನು ಮುಚ್ಚಿಡಿ. ಕೀಕ್ಯಾಪ್ ಬದಲಿಸಲು ತೆಗೆದಾಗ ತಂತಿಗಳನ್ನು ಒರೆಸಿ ತೆಳುವಾಗಿ ಗ್ರೀಸ್ ಸವರಿ.

ಹಳೆಯ ಕಪ್ಪು ಸೆಟ್ ಕೊಂಡವರಿಗೆ ಅದರ ಬಿಡಿ ಕೀಲಿಗಳು ದಾಸ್ತಾನು ಇರುವವರೆಗೆ ಹಳೆಯ ದರದಲ್ಲೇ ಸಿಗುತ್ತವೆ. ಎಫ್ ಮತ್ತು ಡಿ ಬೇಗ ಖಾಲಿಯಾಗುತ್ತವೆ, ಬೇಕಾದವರು ತಡ ಮಾಡಬೇಡಿ. ಈಗಾಗಲೇ ಮುಂಗಡ ಕೊಟ್ಟವರು ಹಳೆಯದನ್ನೇ ಪಡೆಯಬಹುದು, ಹೊಸದಕ್ಕೆ ಬದಲಿಸಿಕೊಳ್ಳಬಹುದು, ಇಲ್ಲವೇ ಹಣ ವಾಪಸ್ ಕೇಳಬಹುದು. ಐದು ಕೀಲಿಗಳ ಪೊಟ್ಟಣ ಮತ್ತು ಕೆ. ಪಿ. ರಾವ್ ವಿನ್ಯಾಸದ ಸೆಟ್ ಯುಗಾದಿಯ ಹೊತ್ತಿಗೆ ಸಿದ್ಧವಿರುತ್ತವೆ. ಇನ್‌ಸ್ಕ್ರಿಪ್ಟ್ ಸೆಟ್ ಅಕ್ಷಯ ತೃತೀಯದ ನಂತರ ಬರುತ್ತದೆ. ಅದರ ಅಂಕಿಗಳ ಸಾಲಿನ ಕ್ಷ ಮತ್ತು ಜ್ಞ ನಮಗಿನ್ನೂ ತೃಪ್ತಿಯಾಗುವಷ್ಟು ಸ್ಪಷ್ಟವಾಗಿ ಮೂಡಿಲ್ಲ, ಅವುಗಳನ್ನು ಮತ್ತೆ ಬರೆಸುತ್ತಿದ್ದೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಬಳಗ, ಶಿರಸಿ