ವೆಂಟಿಲೇಟರ್ ಸಾಕು ಅಂದ್ರೆ ಪಾಪವಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಪಪ್ಪನಿಗೆ ವೆಂಟಿಲೇಟರ್ ಸಾಕು ಅಂದ್ರೆ ಪಾಪ ಆಗ್ತದಾ?" ಆಗ ನನಗೆ ಮಾತೇ ಹೊರಡಲಿಲ್ಲ. ಈಗ ನಾನು ನೋಡಿಕೊಳ್ಳುವ ಅಜ್ಜ ಮಲಗಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಮೊದಲು ನಮ್ಮ ಕ್ಯಾಥೊಲಿಕ್ ಚರ್ಚಿನ ಮಾತು. 1957ರಲ್ಲಿ ಅರಿವಳಿಕೆ ವೈದ್ಯರು ಪೋಪ್ 12ನೇ ಪಿಯುಸ್ ಅವರ ಮುಂದೆ ಇದೇ ಪ್ರಶ್ನೆ ಇಟ್ಟಿದ್ದರು. ಜೀವ ಉಳಿಸಲು ಸಾಧಾರಣ ಚಿಕಿತ್ಸೆ ಕೊಡಲೇಬೇಕು, ಅಸಾಧಾರಣವಾದದ್ದು ಕಡ್ಡಾಯವಲ್ಲ ಅಂದರು ಅವರು. ಆಸೆಯೇ ಉಳಿಯದಿದ್ದರೆ ಉಸಿರಿನ ಯಂತ್ರ ನಿಲ್ಲಿಸಬಹುದು. ಅದು ಕೊಲೆಯಲ್ಲ. ಊಟ, ನೀರಿನ ಮಾತು ಬೇರೆ. ವರ್ಷಗಟ್ಟಲೆ ಎಚ್ಚರವಿಲ್ಲದೆ ಮಲಗಿದವರಿಗೆ ಟ್ಯೂಬಿನಲ್ಲಿ ಕೊಡುವ ಊಟ ಚಿಕಿತ್ಸೆಯಲ್ಲ, ಆರೈಕೆ ಎಂದು 2004ರಲ್ಲಿ ಪೋಪ್ 2ನೇ ಜಾನ್ ಪಾಲ್ ಹೇಳಿದರು.

ನಾನು ಸೌದಿಯಲ್ಲಿ ನರ್ಸ್ ಆಗಿದ್ದೆನಲ್ಲ, ಅಲ್ಲಿ ಇನ್ನೊಂದು ರೀತಿ. ಇನ್ನು ಎದೆ ಒತ್ತಿ ಜೀವ ಎಳೆಯುವುದರಲ್ಲಿ ಅರ್ಥವಿಲ್ಲ ಎಂದು ಮೂವರು ನಂಬಿಕಸ್ಥ ವೈದ್ಯರು ಒಪ್ಪಿದರೆ ಅದನ್ನು ಮಾಡದೆ ಬಿಡಬಹುದು. ಅಲ್ಲಿನ ಧರ್ಮಗುರುಗಳ ಫತ್ವಾ ಹೇಳುವುದು ಅದನ್ನೇ. ಮನೆಯವರ ಒಪ್ಪಿಗೆಯ ಮೇಲೆ ಅದು ನಿಂತಿಲ್ಲ. ಆಗ ನನಗೆ ಇದು ತುಂಬಾ ಕಠಿಣ ಅನ್ನಿಸಿತ್ತು. ಮೊನ್ನೆ ನಿನ್ನ ದನಿ ಕೇಳಿದ ಮೇಲೆ ಅದರಲ್ಲೂ ದಯೆ ಇದೆ ಅನ್ನಿಸಿತು. ಆ ಭಾರ ಮಗನ ತಲೆ ಮೇಲೆ ಬೀಳುವುದಿಲ್ಲ, ಅಲ್ವಾ?

ಇಲ್ಲಿ ಇಸ್ರೇಲಿನಲ್ಲಿ ಹೆಚ್ಚು ಬಿಗಿ. ಒಂದು ಶನಿವಾರ ಅಜ್ಜನಿಗೆ ಎದೆನೋವು ಬಂತು. ಅವರ ಮಗ ಆ ದಿನ ದೀಪದ ಸ್ವಿಚ್ ಕೂಡ ಮುಟ್ಟುವವನಲ್ಲ. ಅವನೇ ಓಡಿ ಬಂದು ಆಂಬುಲೆನ್ಸಿಗೆ ಫೋನ್ ಮಾಡಿದ. ಜೀವ ಉಳಿಸಬೇಕು ಅಂದ್ರೆ ಸಬ್ಬತ್, ಅಂದ್ರೆ ಶನಿವಾರ ಕೆಲಸ ಮಾಡಬಾರದು ಅನ್ನುವ ನಿಯಮ, ಮುರಿಯಲೇಬೇಕು ಅನ್ನುತ್ತದೆ ಅವರ ಯೆಹೂದಿ ಧರ್ಮ. ಅಂಥವರ ಧರ್ಮಗ್ರಂಥ ತಾಲ್ಮೂದಿನಲ್ಲೇ ಒಂದು ಕಥೆ ಇದೆ ಮಾರಾಯ, ಅದು ನನ್ನನ್ನು ಬಿಡುತ್ತಿಲ್ಲ. ಅವರ ಧರ್ಮಗುರು ರಬ್ಬಿ ಯೆಹೂದಾ ಸಾಯುವ ಸ್ಥಿತಿಯಲ್ಲಿದ್ದರು. ಶಿಷ್ಯರು ಎಡೆಬಿಡದೆ ಪ್ರಾರ್ಥಿಸುತ್ತಿದ್ದರು. ಮನೆಕೆಲಸದ ಹೆಂಗಸು ಕೂಡ ಮೊದಲು ಅವರು ಉಳಿಯಲಿ ಎಂದೇ ಬೇಡಿದಳು. ಆಮೇಲೆ ಅವರ ಸಂಕಟ ಕಂಡಳು. ಮತ್ತೆ ಮತ್ತೆ ಶೌಚಕ್ಕೆ ಏಳಬೇಕು, ಪ್ರತಿ ಸಲ ತಲೆಗೂ ತೋಳಿಗೂ ಕಟ್ಟಿದ ಪ್ರಾರ್ಥನೆಯ ಚರ್ಮದ ಪಟ್ಟಿ ಬಿಚ್ಚಬೇಕು, ಮತ್ತೆ ಕಟ್ಟಿಕೊಳ್ಳಬೇಕು. ಅವಳು ಮಾಳಿಗೆ ಮೇಲಿಂದ ಒಂದು ಮಡಕೆ ಎಸೆದಳು. ಆ ಸದ್ದಿಗೆ ಪ್ರಾರ್ಥನೆ ಒಂದು ಕ್ಷಣ ನಿಂತಿತು. ರಬ್ಬಿಯ ಜೀವ ಹೋಯಿತು.

ಅವಳು ರಬ್ಬಿಯನ್ನು ಮುಟ್ಟಲೇ ಇಲ್ಲ. ತಡೆದು ಹಿಡಿದದ್ದನ್ನು ಬಿಡಿಸಿದಳು, ಅಷ್ಟೇ. ಆದರೂ ಓಡುತ್ತಿರುವ ವೆಂಟಿಲೇಟರ್ ಕೈಯಾರೆ ನಿಲ್ಲಿಸಲು ಇಲ್ಲಿನ ಬಹಳಷ್ಟು ರಬ್ಬಿಗಳು ಒಪ್ಪುವುದಿಲ್ಲ. ಅದಕ್ಕೇ ಸಾಯುತ್ತಿರುವ ರೋಗಿಗಳ ಬಗ್ಗೆ ಇಲ್ಲಿ ಮಾಡಿದ 2005ರ ಕಾನೂನಿನಲ್ಲಿ ಟೈಮರ್ ಎಂಬ ದಾರಿ ಹುಡುಕಿದರು. ಯಂತ್ರ ಗೊತ್ತಾದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಮತ್ತೆ ಶುರು ಮಾಡದೆ ಇರಬಹುದು. ಕೆಲವರಿಗೆ ಇದು ಬರೀ ಉಪಾಯ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾರ ಕೈಗೂ ಸಾವು ಅಂಟಬಾರದು ಎಂದು ಅಷ್ಟು ತಲೆ ಕೆಡಿಸಿಕೊಂಡಿದ್ದಾರೆ.

ನೀನು ಪಪ್ಪನನ್ನು ಕೊಲ್ಲುತ್ತಿಲ್ಲ. ನಾಳೆ ಡಾಕ್ಟರ್ ಹತ್ತಿರ ಒಂದೇ ಮಾತು ಕೇಳು: ಇದು ವಾಸಿಯಾಗುವ ದಾರಿಯಾ, ಸುಮ್ನೆ ಎಳೆಯುವುದಾ? ಸುಮ್ನೆ ಎಳೆಯುವುದು ಅಂತ ಅವರು ಹೇಳಿದರೆ, ಯಂತ್ರ ನಿಲ್ಲಿಸಲು ನಮ್ಮ ದೇಶದಲ್ಲೂ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ವೈದ್ಯರ ಎರಡು ಮಂಡಳಿ ನೋಡಬೇಕು, ಮನೆಯವರೂ ಒಪ್ಪಬೇಕು. ನೋವಿನ ಔಷಧಿ ಮಾತ್ರ ಕಡಿಮೆ ಮಾಡಲು ಬಿಡಬೇಡ. ಫಾದರ್‌ಗೆ ಹೇಳಿ, ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಮಾಡಿಸು.

ಅಜ್ಜ ಎದ್ದರು, ಚಹಾ ಕೇಳ್ತಿದ್ದಾರೆ. ರಾತ್ರಿ ಫೋನ್ ಮಾಡ್ತೇನೆ. ನರ್ಸ್ ಹತ್ತಿರ ಕೇಳಿ, ಪಪ್ಪನ ತುಟಿಗೆ ಆಗಾಗ ಒದ್ದೆ ಹತ್ತಿ ಒತ್ತು. ಟ್ಯೂಬ್ ಹಾಕಿದ ಬಾಯಿ ಬೇಗ ಒಣಗ್ತದೆ.

ನಿನ್ನ ಪ್ರೀತಿಯ ಗೆಳತಿ